ಕೊಳೆಯನ್ನು ತಿಳಿದು ಮದ್ದನ್ನು ಆರಿಸಿಕೊಳ್ಳಿರಿ

ಗೃಹಶುದ್ಧಿಯ ಕುರಿತಾದ ಒಂದು ಪಾಠ



ಮನೆಯನ್ನು ಶುಚಿಯಾಗಿಡಬೇಕೆಂಬದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಕೋಳಿ ಕೂಗುವದಕ್ಕೆ ಮುಂಚೆ ಎದ್ದು ಅಂಗಳ ಗುಡಿಸಿ, ಮುಸುರೆ ಪಾತ್ರೆಗಳನ್ನು ಬೆಳಗಿ, ಒಲೆಯನ್ನು ಸಾರಿಸುವ ನಮ್ಮ ಸ್ತ್ರೀಯರು ಈ ಕೆಲಸವನ್ನು ತಮ್ಮ ತಾಯಂದಿರಿಂದ ಕಲಿತುಕೊಂಡಿದ್ದಾರೆ. ಆದರೆ ಯಾವದರಿಂದ ಶುಚಿಮಾಡಬೇಕು ಎಂಬದು ಈಗ ಕಷ್ಟವಾದ ಪ್ರಶ್ನೆಯಾಗಿದೆ. ಹಳ್ಳಿಯ ಅಂಗಡಿಯಲ್ಲಿಯೂ ಹತ್ತು ಬಣ್ಣದ ಸೀಸೆಗಳು ನಿಂತಿವೆ. ಒಂದೊಂದೂ ಎಲ್ಲಾ ಕೊಳೆಯನ್ನೂ ತಾನೇ ತೆಗೆಯುವೆನೆಂದು ಹೇಳಿಕೊಳ್ಳುತ್ತದೆ. ಈ ವಿಷಯದಲ್ಲಿ ನಾವು ಕಷ್ಟಪಟ್ಟು ಕಲಿತ ಸಂಗತಿಯನ್ನು ನಿಮ್ಮ ಮುಂದೆ ಇಡುತ್ತೇನೆ.

ನಮ್ಮ ಮನೆಗೆ ಮದುವೆಯ ನೆಂಟರು ಬರುವವರಿದ್ದರು. ಹಿಂದಿನ ದಿನ ನನ್ನ ಸೊಸೆಯು ಕಕ್ಕಸನ್ನು ತೊಳೆಯಲಿಕ್ಕೆ ಹೋಗಿ, ಮೊದಲು ಬ್ಲೀಚಿಂಗ್ ಪುಡಿಯನ್ನು ಚೆಲ್ಲಿದಳು. ಹಳದಿ ಕರೆ ಹೋಗಲಿಲ್ಲ. ಆಗ ಅದರ ಮೇಲೆಯೇ ಆಸಿಡ್ ಸೀಸೆಯನ್ನು ಸುರಿದಳು. ಕೂಡಲೇ ಹಸುರು ಹಳದಿ ಬಣ್ಣದ ಹೊಗೆ ಎದ್ದು, ಆ ಚಿಕ್ಕ ಕೋಣೆಯನ್ನೆಲ್ಲಾ ತುಂಬಿತು. ಕೆಮ್ಮಿನ ಶಬ್ದ ಕೇಳಿ ನನ್ನ ಹೆಂಡತಿ ಓಡಿಹೋಗಿ ಅವಳನ್ನು ಹೊರಗೆ ಎಳೆದು ತರದೆ ಇದ್ದರೆ, ಮದುವೆಯ ಮನೆಯು ದುಃಖದ ಮನೆಯಾಗುತ್ತಿತ್ತು. ಎರಡು ದಿನ ಆಸ್ಪತ್ರೆಯಲ್ಲಿದ್ದು ಅವಳು ಗುಣಹೊಂದಿದಳು.

ಮನೆಗೆ ಬಂದ ಮೇಲೆ ಅವಳು, ‘ಮಾವ, ಎರಡೂ ಅಂಗಡಿಯಲ್ಲಿ ಮಾರುವ ಸಾಮಾನುಗಳೇ ಅಲ್ಲವೇ? ಒಂದರಿಂದ ಹೋಗದ ಕೊಳೆ ಎರಡರಿಂದ ಹೋದೀತೆಂದು ನೆನಸಿದೆ. ಇನ್ನು ಮುಂದೆ ನಾನು ಯಾವದನ್ನು ಉಪಯೋಗಿಸಲಿ?’ ಎಂದು ಕೇಳಿದಳು. ನನ್ನ ಹೆಂಡತಿಯು, ‘ನಮ್ಮ ಕಾಲದಲ್ಲಿ ಬೂದಿಯಿಂದಲೂ ಹುಣಿಸೆಹಣ್ಣಿನಿಂದಲೂ ಎಲ್ಲವೂ ಆಗುತ್ತಿತ್ತು ಮಗಳೇ; ಈ ಸೀಸೆಗಳೇ ಬೇಡ’ ಅಂದಳು. ವಿಚಾರಿಸಿ ನೋಡಲಾಗಿ, ಅತ್ತೆಯ ಮಾತಿನಲ್ಲಿ ಬಹಳ ಸತ್ಯವಿದೆ, ಆದರೆ ಪೂರ್ಣ ಸತ್ಯವಿಲ್ಲ ಎಂದು ಕಂಡುಬಂತು. ಆ ವಿಚಾರವೇ ಈ ಪಾಠ.

1. ನೈಸರ್ಗಿಕ ಅಂದರೇನು?

ಅಂಗಡಿಯದೆಲ್ಲಾ ವಿಷ, ಹಿತ್ತಲಿನದೆಲ್ಲಾ ಅಮೃತ ಎಂದು ಎಣಿಸುವದು ಸರಿಯಲ್ಲ. ಒಲೆಯ ಬೂದಿಯಲ್ಲಿ ಒಂದು ಕ್ಷಾರವುಂಟು. ಬಟ್ಟೆ ಒಗೆಯುವ ಸೋಡಾ ಸಹ ಅದೇ ಜಾತಿಗೆ ಸೇರಿದ ಕ್ಷಾರ. 1791ರಲ್ಲಿ ಫ್ರಾನ್ಸ್ ದೇಶದ ಲೆಬ್ಲಾಂಕ್ ಎಂಬವನು ಉಪ್ಪಿನಿಂದ ಸೋಡಾ ಮಾಡುವ ಕ್ರಮಕ್ಕೆ ಹಕ್ಕುಪತ್ರ ಪಡೆಯುವದಕ್ಕೆ ಮುಂಚೆ, ಯೂರೋಪಿನವರೂ ಗಿಡಗಳನ್ನು ಸುಟ್ಟ ಬೂದಿಯಿಂದಲೇ ಸೋಡಾವನ್ನು ಹೆಚ್ಚಾಗಿ ತೆಗೆಯುತ್ತಿದ್ದರು. ನಮ್ಮ ಸೀಮೆಯ ಅಗಸರು ಚೌಳು ಮಣ್ಣಿನಿಂದ ಬಟ್ಟೆ ಒಗೆದದ್ದೂ ಅದರಲ್ಲಿ ಇಂಥ ಕ್ಷಾರವಿದ್ದದರಿಂದಲೇ.

ಹಾಗಾದರೆ ಭೇದವೇನು? ಬಲದಲ್ಲಿ ಭೇದವುಂಟು. ಹುಣಿಸೆಯ ಹುಳಿಯೂ ಹುಳಿಯೇ, ಸೀಸೆಯ ಆಸಿಡ್ ಸಹ ಹುಳಿಯೇ. ಆದರೆ ಮೊದಲನೆಯದು ಸಾರಿನಲ್ಲಿ ನಾಲಿಗೆಗೆ ರುಚಿ ಕೊಡುತ್ತದೆ. ಎರಡನೆಯದು ನಾಲಿಗೆಯನ್ನೇ ಸುಡುತ್ತದೆ. ಸೊಳ್ಳೆಯನ್ನು ಹೊಡೆಯಲಿಕ್ಕೆ ಯಾರೂ ಕೊಡಲಿಯನ್ನು ಎತ್ತುವದಿಲ್ಲವಷ್ಟೆ. ಆದಕಾರಣ ಮೊದಲು ಕೊಳೆ ಯಾವದೆಂದು ನೋಡಬೇಕು. ಆಮೇಲೆ ಅದಕ್ಕೆ ಸಾಕಾಗುವಷ್ಟು ಬಲವುಳ್ಳ ಮದ್ದನ್ನು ಆರಿಸಬೇಕು. ಮನೆಯ ಕೊಳೆಯನ್ನು ನಾವು ಐದು ವಿಧವಾಗಿ ವಿಂಗಡಿಸಬಹುದು.

2. ಜಿಡ್ಡು

ಎಣ್ಣೆಯೂ ನೀರೂ ಕೂಡುವದಿಲ್ಲ. ಆದದರಿಂದ ಬರೀ ನೀರಿನಿಂದ ಜಿಡ್ಡು ಹೋಗದು. ಬೂದಿಯ ಕ್ಷಾರವು ಜಿಡ್ಡಿನೊಡನೆ ಕೂಡಿ, ಅದರಲ್ಲಿ ಸ್ವಲ್ಪವನ್ನು ಸಾಬೂನಾಗಿ ಮಾರ್ಪಡಿಸುತ್ತದೆ. ಉಳಿದದ್ದನ್ನು ಬೂದಿಯ ಸಣ್ಣ ಕಣಗಳು ತಿಕ್ಕಿ ಹೀರಿಕೊಳ್ಳುತ್ತವೆ. ಕಟ್ಟಿಗೆಯ ಬೂದಿಯನ್ನು ಜರಡಿ ಹಿಡಿದು, ತೆಂಗಿನ ನಾರಿನಿಂದಾಗಲಿ ಒಣಗಿದ ಹೀರೆಯ ನಾರಿನಿಂದಾಗಲಿ ಪಾತ್ರೆಯನ್ನು ತಿಕ್ಕಿರಿ. ಆದರೆ ಪ್ಲಾಸ್ಟಿಕ್ಕನ್ನೋ ಬಣ್ಣ ಬಳಿದ ಹಲಗೆಯನ್ನೋ ಸುಟ್ಟ ಒಲೆಯ ಬೂದಿ ಬೇಡ. ಕಲ್ಲಿದ್ದಲಿನ ಬೂದಿಯೂ ಬೇಡ. ಅಲ್ಯುಮಿನಿಯಂ ಪಾತ್ರೆಗಳಿಗೆ ಬೂದಿಯನ್ನೂ ಸೋಡಾವನ್ನೂ ಹಚ್ಚಬಾರದು. ಕ್ಷಾರವು ಆ ಲೋಹವನ್ನು ತಿಂದು ಕಪ್ಪಾಗಿಸುತ್ತದೆ.

ಬೂದಿಯಿಲ್ಲದ ಮನೆಗಳು ಈಗ ಬಹಳ. ಗ್ಯಾಸಿನ ಒಲೆಯಲ್ಲಿ ಬೂದಿ ಎಲ್ಲಿಯದು? ಅಂಥವರಿಗೆ ಅಂಟುವಾಳದ ಕಾಯಿ ಉಂಟು. ಇದನ್ನು ನೊರೆಕಾಯಿ ಎಂದೂ ಕರೆಯುತ್ತಾರೆ. ಇದರ ಸಿಪ್ಪೆಯಲ್ಲಿ ನೀರಿನೊಳಗೆ ನೊರೆಯೇಳುವ ಸಪೋನಿನ್ ಎಂಬ ಸತ್ವವಿದೆ. ಬೀಜ ತೆಗೆದ ಹತ್ತು ಹನ್ನೆರಡು ಕಾಯಿಗಳ ಸಿಪ್ಪೆಯನ್ನು 1 ಲೀಟರ್ ನೀರಿನಲ್ಲಿ ರಾತ್ರಿಯೆಲ್ಲಾ ನೆನಸಿ, ಬೆಳಿಗ್ಗೆ ಹತ್ತು ಹದಿನೈದು ನಿಮಿಷ ಕುದಿಸಿ, ಆರಿದ ಮೇಲೆ ಚೆನ್ನಾಗಿ ಹಿಸುಕಿ ಸೋಸಿರಿ. ಪಾತ್ರೆಗೂ ನೆಲಕ್ಕೂ ರೇಷ್ಮೆ, ಉಣ್ಣೆಯ ಬಟ್ಟೆಗಳಿಗೂ ಇದು ತಕ್ಕದ್ದು. ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರಿನಲ್ಲಿ ಸಾಬೂನು ಒಡೆದು ಗಸಿಯಾಗುತ್ತದಷ್ಟೆ, ಅಂಟುವಾಳ ಹಾಗಾಗುವದಿಲ್ಲ. ಆದರೆ ಎರಡು ಮೂರು ದಿನಗಳಲ್ಲಿ ಈ ನೀರು ಹಳಸುತ್ತದೆ, ಬೇಕಾದಷ್ಟನ್ನೇ ಮಾಡಿಕೊಳ್ಳಿರಿ. ಸೀಗೆಪುಡಿಯೂ ಎಣ್ಣೆಯ ಪಾತ್ರೆಗಳಿಗೆ ಇದೇ ರೀತಿಯಲ್ಲಿ ಉಪಯೋಗವಾಗುತ್ತದೆ.

3. ಕಿಲುಬು

ತಾಮ್ರ ಹಿತ್ತಾಳೆಗಳು ಗಾಳಿಗೂ ನೀರಿಗೂ ಸಿಕ್ಕಿ ಕಪ್ಪಾಗುತ್ತವೆ, ಹಸುರಾಗುತ್ತವೆ. ಇದು ಜಿಡ್ಡಲ್ಲ, ಲೋಹವೇ ಮಾರ್ಪಟ್ಟು ಆದ ಪೊರೆ. ಇದಕ್ಕೆ ಕ್ಷಾರವಲ್ಲ, ಹುಳಿಯೇ ಮದ್ದು. ಹುಣಿಸೆಹಣ್ಣು, ನಿಂಬೆಯ ಹೋಳು, ಹುಳಿಮಜ್ಜಿಗೆ, ಕರಾವಳಿಯವರಿಗೆ ಬಿಂಬುಳಿ, ಇವುಗಳಲ್ಲಿ ಯಾವದನ್ನಾದರೂ ಸ್ವಲ್ಪ ಉಪ್ಪಿನ ಸಂಗಡ ಹಚ್ಚಿ ತಿಕ್ಕಿ, ಒಡನೆ ತೊಳೆದು ಒರಸಿ ಒಣಗಿಸಿರಿ. ಹುಳಿಯನ್ನು ರಾತ್ರಿಯೆಲ್ಲಾ ಬಿಟ್ಟರೆ ಲೋಹವೇ ಸವೆಯುತ್ತದೆ. ಕಲಾಯಿ ಹಾಕಿದ ಒಳಮೈಯನ್ನು ಹೀಗೆ ತಿಕ್ಕಬೇಡಿರಿ. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿಯ ಪದಾರ್ಥವನ್ನು ಇಟ್ಟರೆ ತಾಮ್ರವು ಅದರಲ್ಲಿ ಇಳಿದು, ಉಂಡವರಿಗೆ ವಾಂತಿಯಾಗುವದು.

4. ಸುಣ್ಣದ ಕರೆ

ಗಡಸು ನೀರಿನಿಂದ ಹಂಡೆಯ ಒಳಗೆ ಬಿಳಿಯ ಹೆಪ್ಪು ಕೂಡುತ್ತದೆ. ಕಕ್ಕಸಿನಲ್ಲಿ ಹಳದಿ ಕರೆ ಕಟ್ಟುತ್ತದೆ. ಇದು ನೀರಿನಲ್ಲಿ ಕರಗಿಬಂದ ಸುಣ್ಣದ ಅಂಶ. ಕಬ್ಬಿಣದ ಅಂಶ ಸೇರಿದರೆ ಹಳದಿಯಾಗುತ್ತದೆ. ಬ್ಲೀಚಿಂಗ್ ಪುಡಿಯು ಇದನ್ನು ಕರಗಿಸುವದಿಲ್ಲ. ನನ್ನ ಸೊಸೆಯ ಮೊದಲನೆಯ ತಪ್ಪು ಇಲ್ಲಿಯೇ ಆಯಿತು. ಕೊಳೆ ಯಾವದೆಂದು ತಿಳಿಯದೆ ಮದ್ದು ಹಾಕಿದಳು. ನಿಂಬೆಯ ರಸವನ್ನಾಗಲಿ ವಿನೆಗರನ್ನಾಗಲಿ ಸುರಿದು, ಅದರಲ್ಲಿ ನೆನಸಿದ ಹಳೆಯ ಬಟ್ಟೆಯನ್ನು ಕರೆಯ ಮೇಲೆ ಕೆಲವು ತಾಸು ಹೊದಿಸಿಟ್ಟು, ಆಮೇಲೆ ಕುಂಚದಿಂದ ತಿಕ್ಕಿದರೆ ಸುಣ್ಣವು ಗುಳ್ಳೆಯೆದ್ದು ಬಿಟ್ಟುಕೊಳ್ಳುತ್ತದೆ.

ಒಂದು ಎಚ್ಚರಿಕೆ. ಶಹಾಬಾದಿನ ಕಲ್ಲು, ಕಡಪದ ಕಲ್ಲು, ಅಮೃತಶಿಲೆ ಇವೆಲ್ಲಾ ಸುಣ್ಣದ ಜಾತಿಯ ಕಲ್ಲುಗಳೇ; ಸಿಮೆಂಟಿನಲ್ಲಿಯೂ ಸುಣ್ಣವುಂಟು. ಹಂಡೆಯ ಹೆಪ್ಪನ್ನು ಕರಗಿಸುವ ಹುಳಿಯು ಈ ನೆಲಗಳ ಹೊಳಪನ್ನೂ ಕರಗಿಸುತ್ತದೆ. ಅಲ್ಲಿಗೆ ಅಂಟುವಾಳದ ನೀರೇ ಸಾಕು.

ಇನ್ನೊಂದು ಮಾತು. ಕೆಲವರು ಅಡಿಗೆ ಸೋಡಾವನ್ನೂ ವಿನೆಗರನ್ನೂ ಒಟ್ಟಿಗೆ ಸುರಿದು, ನೊರೆಯುಕ್ಕುವದನ್ನು ನೋಡಿ ಸಂತೋಷಪಡುತ್ತಾರೆ. ಹುಳಿಯೂ ಕ್ಷಾರವೂ ಕೂಡಿದರೆ ಒಂದರ ಬಲವನ್ನು ಮತ್ತೊಂದು ಕೊಲ್ಲುತ್ತದೆ. ಇದರಿಂದ ಅಪಾಯವಿಲ್ಲ, ಆದರೆ ಉಳಿಯುವದು ಹೆಚ್ಚಾಗಿ ಬರೀ ಉಪ್ಪುನೀರಿನಂಥದ್ದು. ಬೆಳ್ಳಗಿರುವದೆಲ್ಲಾ ಹಾಲಲ್ಲ, ನೊರೆಯೇಳುವದೆಲ್ಲಾ ಸಾಬೂನಲ್ಲ.

5. ದುರ್ವಾಸನೆ

ವಾಸನೆಯು ಕೊಳೆಯಲ್ಲ, ಕೊಳೆಯಿದೆ ಎಂದು ಹೇಳುವ ದೂತ. ಸೀಸೆಯ ಸುಗಂಧವನ್ನು ಚಿಮುಕಿಸುವವನು ದೂತನ ಬಾಯನ್ನು ಮುಚ್ಚುತ್ತಾನೆಯೇ ಹೊರತು ಸುದ್ದಿಯನ್ನು ಬದಲಿಸುವದಿಲ್ಲ. ಬಚ್ಚಲ ಮೋರಿಯಲ್ಲಿ ಕೂದಲು, ಅನ್ನದ ಅಗುಳು ಸಿಕ್ಕಿದ್ದರೆ ಮೊದಲು ಅವನ್ನು ತೆಗೆಯಿರಿ. ಆಮೇಲೆ ಒಗೆಯುವ ಸೋಡಾ ಕರಗಿಸಿದ ಬಿಸಿನೀರನ್ನು ಹೊಯ್ಯಿರಿ. ಹಾಸಿಗೆ ಕಂಬಳಿಗಳನ್ನು ಬಿಸಿಲಿಗೆ ಹಾಕಿರಿ. ಗುಂಡಿಯ ಕಕ್ಕಸಿದ್ದರೆ ಪ್ರತಿಸಾರಿ ಒಂದು ಹಿಡಿ ಒಣ ಬೂದಿಯನ್ನು ಹಾಕುವದರಿಂದ ವಾಸನೆಯೂ ನೊಣಗಳೂ ಕಡಿಮೆಯಾಗುತ್ತವೆ.

6. ರೋಗಾಣುಗಳು

ಇಲ್ಲಿಯ ತನಕ ಅತ್ತೆಯ ಮಾತು ಗೆದ್ದಿತು. ಇನ್ನು ಸೀಸೆಯ ಪಕ್ಷವನ್ನೂ ನ್ಯಾಯವಾಗಿ ಕೇಳೋಣ.

ಆಸ್ಟ್ರಿಯ ದೇಶದ ವಿಯೆನ್ನಾ ಪಟ್ಟಣದ ಹೆರಿಗೆ ಆಸ್ಪತ್ರೆಯಲ್ಲಿ ಬಾಣಂತಿಯರು ಜ್ವರದಿಂದ ಗುಂಪುಗುಂಪಾಗಿ ಸಾಯುತ್ತಿದ್ದರು. ಹೆಣಗಳನ್ನು ಕೊಯ್ದು ಪರೀಕ್ಷಿಸಿದ ವೈದ್ಯರು ಅದೇ ಕೈಗಳಿಂದ ಹೆರಿಗೆಯನ್ನು ಮಾಡಿಸುತ್ತಿದ್ದದ್ದೇ ಇದಕ್ಕೆ ಕಾರಣವೆಂದು ಸೆಮ್ಮೆಲ್‌ವೈಸ್ ಎಂಬ ವೈದ್ಯನು ಊಹಿಸಿ, 1847ರಲ್ಲಿ ಎಲ್ಲರೂ ಕ್ಲೋರಿನ್ ಸೇರಿದ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಕಟ್ಟುಮಾಡಿದನು. ನೂರಕ್ಕೆ ಹತ್ತನ್ನು ಮೀರಿದ್ದ ಮರಣಗಳು ಕೆಲವೇ ತಿಂಗಳುಗಳಲ್ಲಿ ನೂರಕ್ಕೆ ಎರಡು ಮೂರಕ್ಕೆ ಇಳಿದವು. ಆ ಸುಣ್ಣದ ಪುಡಿಯ ಜಾತಿಯದೇ ನಮ್ಮ ಬ್ಲೀಚಿಂಗ್ ಪುಡಿ. ಅದನ್ನು ತಿರಸ್ಕರಿಸುವದು ಬುದ್ಧಿವಂತಿಕೆಯಲ್ಲ.

ಪ್ರತಿದಿನದ ಕೆಲಸಕ್ಕೆ ಅದು ಬೇಕಾಗಿಲ್ಲ. ಆರೋಗ್ಯವಂತರ ಮನೆಯಲ್ಲಿ ಸಾಬೂನು, ನೀರು, ಬಿಸಿಲು, ಗಾಳಿ ಇವೇ ಸಾಕು. ಆದರೆ ಮನೆಯಲ್ಲಿ ವಾಂತಿಭೇದಿಯ ರೋಗಿಯಿದ್ದಾಗ ನಿಂಬೆ, ಬೇವು, ಅರಿಸಿನ, ಅಂಟುವಾಳ ಇವುಗಳನ್ನು ನಂಬಿ ಕೂತುಕೊಳ್ಳಬಾರದು. ಆಗ ಬಟ್ಟೆಗಳನ್ನು ಕುದಿಸಬೇಕು. ರೋಗಿಯ ವಾಂತಿಭೇದಿ ಬಿದ್ದ ನೆಲವನ್ನು ಮೊದಲು ಒರಸಿ ತೆಗೆದು, ಆಮೇಲೆ ಬ್ಲೀಚಿಂಗ್ ನೀರನ್ನು ಹೊಯ್ದು ಹತ್ತು ನಿಮಿಷವಾದರೂ ಬಿಟ್ಟು ತೊಳೆಯಬೇಕು. ನೂರಕ್ಕೆ 30ರಷ್ಟು ಕ್ಲೋರಿನ್ ಇರುವ ಹೊಸ ಪುಡಿಯಾದರೆ 1 ಲೀಟರ್ ನೀರಿಗೆ 16 ಗ್ರಾಂ ಸಾಕು. ಹೀಗೆ ಮಾಡುವಾಗ ಕಿಟಕಿ ಬಾಗಿಲುಗಳನ್ನು ತೆರೆದಿಡಿರಿ. ಕೈಗಳಿಗೆ ರಬ್ಬರಿನ ಚೀಲ ಹಾಕಿಕೊಳ್ಳಿರಿ. ತೆರೆದಿಟ್ಟ ಪುಡಿಯು ಬಲಗುಂದುತ್ತದೆ. ಆದದರಿಂದ ಅದನ್ನು ಬಿಗಿಯಾಗಿ ಮುಚ್ಚಿ ಒಣಗಿದ ಸ್ಥಳದಲ್ಲಿ ಇಡಿರಿ.

ಸೆಗಣಿಯ ವಿಷಯದಲ್ಲಿಯೂ ಒಂದು ಮಾತು ಹೇಳಲೇಬೇಕು. ಅಂಗಳದ ಧೂಳನ್ನು ಅಡಗಿಸಲಿಕ್ಕೆ ಅದು ಒಳ್ಳೇದು. ಆದರೆ ಧನುರ್ವಾಯುವಿನ ಬೀಜಾಣುಗಳು ಸೆಗಣಿಯಲ್ಲಿ ಇರುವದುಂಟು. ಬಾಣಂತಿಯ ಕೋಣೆಯಲ್ಲಿಯೂ, ಕೂಸಿನ ಹೊಕ್ಕುಳಿನ ಹತ್ತಿರವೂ, ಗಾಯದ ಮೇಲೂ ಅದು ಸೋಕಬಾರದು.

7. ಎಂದಿಗೂ ಕೂಡಿಸಬಾರದ ಸಾಮಾನುಗಳು

ಬ್ಲೀಚಿಂಗ್ ಪುಡಿಗೆ ಆಸಿಡ್ ಕೂಡಿದರೆ ಕ್ಲೋರಿನ್ ಎಂಬ ವಿಷವಾಯು ಹೊರಡುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂ ದೇಶದ ಈಪ್ರ್ ಎಂಬ ಊರಿನ ಹತ್ತಿರ ಜರ್ಮನಿಯ ಸೈನ್ಯವು ಶತ್ರುಗಳ ಮೇಲೆ ಬಿಟ್ಟದ್ದು ಇದೇ ವಾಯು. ಯುದ್ಧರಂಗದ ಅಸ್ತ್ರವನ್ನು ನನ್ನ ಸೊಸೆಯು ತಿಳಿಯದೆ ಕಕ್ಕಸಿನಲ್ಲಿ ತಯಾರಿಸಿದಳು. ನೈಸರ್ಗಿಕ ಹುಳಿಗಳನ್ನು ಮೆಚ್ಚುವವರು ಇದನ್ನು ಎರಡು ಸಾರಿ ಓದಿರಿ: ಆಸಿಡ್ ಮಾತ್ರವಲ್ಲ, ನಿಂಬೆಯ ರಸವೂ ವಿನೆಗರೂ ಬ್ಲೀಚಿಂಗಿಗೆ ಕೂಡಿದರೆ ಅದೇ ವಾಯು ಹೊರಡುತ್ತದೆ. ಅಮೋನಿಯ ಸೇರಿದರೂ ಬೇರೊಂದು ವಿಷವಾಯು ಹುಟ್ಟುತ್ತದೆ. ಹಳೆಯ ಮೂತ್ರ ನಿಂತ ಸ್ಥಳದಲ್ಲಿ ಅಮೋನಿಯ ಇದ್ದೇ ಇರುವದು. ಆದಕಾರಣ ಮೊದಲು ನೀರು ಹೊಯ್ದು ತೊಳೆಯದೆ ಬ್ಲೀಚಿಂಗ್ ಹಾಕಬೇಡಿರಿ; ಒಂದು ದಿನಕ್ಕೆ ಒಂದೇ ಮದ್ದು ಎಂಬ ನಿಯಮವನ್ನು ಇಟ್ಟುಕೊಳ್ಳಿರಿ.

ಇದಕ್ಕಿಂತಲೂ ಭಯಂಕರವಾದದ್ದು ಇನ್ನೊಂದುಂಟು. ಆಸಿಡನ್ನೋ ಫಿನೈಲನ್ನೋ ನೀರಿನ ಅಥವಾ ಪಾನಕದ ಖಾಲಿ ಬಾಟಲಿಯಲ್ಲಿ ತುಂಬಿಡುವ ರೂಢಿ ಅನೇಕ ಮನೆಗಳಲ್ಲಿ ಇದೆ. ಬಾಯಾರಿ ಬಂದ ಮಗುವಿಗೆ ಬಾಟಲಿಯ ಗುರುತು ಗೊತ್ತು, ಒಳಗಿನದ್ದು ಗೊತ್ತಿಲ್ಲ. 2013ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವು ಆಸಿಡಿನ ಬಿಡಿ ಮಾರಾಟಕ್ಕೆ ಕಟ್ಟುಪಾಡು ವಿಧಿಸಿ, ಕೊಳ್ಳುವವರ ಹೆಸರು ವಿಳಾಸಗಳನ್ನು ಬರೆದಿಡಬೇಕೆಂದೂ ಹದಿನೆಂಟು ವರುಷ ತುಂಬದವರಿಗೆ ಮಾರಬಾರದೆಂದೂ ಆಜ್ಞಾಪಿಸಿತು. ಆದರೆ ಮನೆಯೊಳಗೆ ಬಂದ ಸೀಸೆಯನ್ನು ಕಾಯುವದು ತಂದೆತಾಯಿಗಳ ಕೆಲಸವೇ.

ಅಪಾಯವಾದರೆ ಮಾಡತಕ್ಕದ್ದೇನು? ವಾಯುವು ಎದ್ದರೆ ಎಲ್ಲವನ್ನೂ ಬಿಟ್ಟು ಬಯಲಿಗೆ ಓಡಿರಿ. ಕಣ್ಣಿಗಾಗಲಿ ಚರ್ಮಕ್ಕಾಗಲಿ ತಾಗಿದರೆ ಇಪ್ಪತ್ತು ನಿಮಿಷ ಬಿಡದೆ ನೀರು ಹೊಯ್ಯಿರಿ. ಮಗು ನುಂಗಿದರೆ ವಾಂತಿ ಮಾಡಿಸಬೇಡಿರಿ; ಇಳಿಯುವಾಗ ಸುಟ್ಟದ್ದು ಏರುವಾಗಲೂ ಸುಡುತ್ತದೆ. ಉಪ್ಪುನೀರು, ನಿಂಬೆ, ಸೋಡಾ ಯಾವದನ್ನೂ ಕುಡಿಸಬೇಡಿರಿ. 108ಕ್ಕೆ ಕರೆಮಾಡಿ, ಸೀಸೆಯನ್ನೂ ಸಂಗಡ ತೆಗೆದುಕೊಂಡು ಆಸ್ಪತ್ರೆಗೆ ಹೋಗಿರಿ.

8. ತೊಳೆದ ನೀರು ಎಲ್ಲಿಗೆ ಹೋಗುತ್ತದೆ?

ನಾವು ಮನೆಯಿಂದ ತೊಳೆದು ಕಳುಹಿಸಿದ್ದು ಲೋಕದಿಂದ ಹೋಗಿಬಿಟ್ಟಿತೆಂದು ಎಣಿಸಬಾರದು. ಬೆಂಗಳೂರಿನ ಬೆಳ್ಳಂದೂರು ಕೆರೆಗೆ ಪಟ್ಟಣದ ಹೊಲಸು ನೀರೂ ಬಟ್ಟೆ ಪಾತ್ರೆ ತೊಳೆದ ಮಾರ್ಜಕಗಳೂ ಸೇರಿ, ನೊರೆಯು ಬೆಟ್ಟದಂತೆ ಎದ್ದು ದಾರಿಯ ಮೇಲೆ ಹಾರಾಡಿತು. 2015ರ ಮೇ ತಿಂಗಳಲ್ಲಿ ಆ ನೊರೆಗೆ ಬೆಂಕಿಯೂ ಹತ್ತಿತು. ಅಲ್ಲಿ ಒಂದೊಂದು ಮನೆಯವರು ಸುರಿದದ್ದು ಒಂದು ಬಕೆಟ್ಟು ಮಾತ್ರ. ಇನ್ನು ಹಳ್ಳಿಯಲ್ಲಿ ಕಕ್ಕಸಿನ ಗುಂಡಿಗೆ ಆಸಿಡನ್ನೂ ಫಿನೈಲನ್ನೂ ಧಾರಾಳವಾಗಿ ಸುರಿದರೆ, ಮಲವನ್ನು ಕೊಳೆಯಿಸಿ ಮಣ್ಣಾಗಿಸುವ ಉಪಕಾರಿ ಜೀವಾಣುಗಳು ಸಾಯುತ್ತವೆ. ಗುಂಡಿ ಬೇಗನೆ ತುಂಬುತ್ತದೆ.

ಅಂಟುವಾಳದಲ್ಲಿಯೂ ಜಾಗ್ರತೆ ಬೇಕು. ಸಪೋನಿನ್ ಮೀನುಗಳಿಗೆ ವಿಷ; ಇಂಥ ಕಾಯಿಗಳನ್ನು ಜಜ್ಜಿ ನೀರಿಗೆ ಹಾಕಿ ಮೀನುಗಳನ್ನು ಮಂಕುಗೊಳಿಸಿ ಹಿಡಿಯುವ ರೂಢಿ ಅನೇಕ ಸೀಮೆಗಳಲ್ಲಿ ಇತ್ತು. ಆದದರಿಂದ ಅದರ ನೀರನ್ನು ಕೆರೆ ಹಳ್ಳಗಳಿಗೆ ಬಿಡದೆ ಬಾಳೆಯ ಬುಡಕ್ಕೆ ಹಾಯಿಸಿರಿ. ಹಿತ್ತಲಿನಲ್ಲಿ ಬೆಳೆದದ್ದು ಯಾರಿಗೂ ಕೇಡುಮಾಡದೆಂಬ ಭ್ರಮೆ ನಮಗೆ ಬೇಡ.

9. ಸಮಾಪ್ತಿ

ಈಗ ನಮ್ಮ ಮನೆಯಲ್ಲಿ ಆಸಿಡ್ ಸೀಸೆಯಿಲ್ಲ. ಬ್ಲೀಚಿಂಗ್ ಪುಡಿಯ ಡಬ್ಬಿ ಒಂದೇ ಇದೆ; ಅದು ಮಕ್ಕಳ ಕೈಗೆ ನಿಲುಕದ ಎತ್ತರದಲ್ಲಿ, ಮೇಲೆ ಹೆಸರು ಬರೆದು ಇಡಲ್ಪಟ್ಟಿದೆ. ಮಿಕ್ಕ ಕೆಲಸಕ್ಕೆ ಬೂದಿ, ಅಂಟುವಾಳ, ಹುಣಿಸೆ, ವಿನೆಗರ್, ಸೋಡಾ ಇವೇ ಸಾಕಾಗಿವೆ. ಕಕ್ಕಸಿನ ಹಳದಿ ಕರೆಯು ಆಸಿಡಿಗೆ ಹೋಗುವಂತೆ ಕ್ಷಣದಲ್ಲಿ ಹೋಗಲಿಲ್ಲ ಎಂಬದನ್ನು ಮರೆಮಾಡುವದಿಲ್ಲ. ನನ್ನ ಸೊಸೆಯು ವಾರಕ್ಕೆ ಎರಡು ಸಾರಿ ವಿನೆಗರಿನ ಬಟ್ಟೆ ಹೊದಿಸಿ ತಿಕ್ಕಿದಳು; ಎರಡನೆಯ ತಿಂಗಳಿನಲ್ಲಿ ಬಿಳುಪು ಕಾಣಿಸಿತು. ನಾನೂ ಒಂದು ವಾರ ಆ ಕುಂಚವನ್ನು ಹಿಡಿದೆನು. ಮನೆಯಲ್ಲಿರುವ ಗಂಡಸರು ಹಿಡಿಯದೆ ಇರಲಿಕ್ಕೆ ಅದು ಅಷ್ಟು ಭಾರವಾದದ್ದಲ್ಲವೆಂದು ಆಗ ತಿಳಿಯಿತು. ಬಲವಾದ ಮದ್ದು ಉಳಿಸಿಕೊಡುವದು ನಮ್ಮ ತೋಳಿನ ಶ್ರಮವನ್ನು. ಅದಕ್ಕಾಗಿ ಅದು ಕೇಳುವ ಬೆಲೆ ಕೆಲವು ಸಾರಿ ಮನೆಯವರ ಉಸಿರು.

ಈ ಪಾಠವನ್ನು ಓದಬಲ್ಲವರು ಓದಲಾರದ ನೆರೆಯವರಿಗೆ ಓದಿ ಹೇಳಿರಿ. ಮುಖ್ಯವಾಗಿ ಏಳನೆಯ ಭಾಗವನ್ನು ನಿಮ್ಮ ಮನೆಯ ಮಕ್ಕಳೂ ಸೊಸೆಯಂದಿರೂ ಬಾಯಿಪಾಠವಾಗಿ ಹೇಳುವಂತೆ ಮಾಡಿರಿ.

ಅಭ್ಯಾಸದ ಪ್ರಶ್ನೆಗಳು

1. ಹಿತ್ತಾಳೆಯ ಕಿಲುಬಿಗೆ ಬೂದಿಗಿಂತ ಹುಣಿಸೆ ಉತ್ತಮವೇಕೆ? ಜಿಡ್ಡಿಗೆ ಹುಣಿಸೆಗಿಂತ ಬೂದಿ ಉತ್ತಮವೇಕೆ?

2. ಶಹಾಬಾದಿನ ಕಲ್ಲಿನ ನೆಲಕ್ಕೆ ನಿಂಬೆಯ ರಸವನ್ನು ಯಾಕೆ ಹಚ್ಚಬಾರದು?

3. ಬ್ಲೀಚಿಂಗ್ ಪುಡಿ ಯಾವಾಗ ಬೇಕು? ಅದಕ್ಕೆ ಏನೇನನ್ನು ಕೂಡಿಸಬಾರದು?

4. ಮಗು ಆಸಿಡ್ ನುಂಗಿದರೆ ಮಾಡತಕ್ಕದ್ದೇನು? ಮಾಡಬಾರದ್ದೇನು?

5. ಇಂದು ಸಂಜೆಯೇ ನಿಮ್ಮ ಬಚ್ಚಲನ್ನೂ ಅಡಿಗೆ ಕೋಣೆಯನ್ನೂ ನೋಡಿರಿ. ಪಾನಕದ ಬಾಟಲಿಯಲ್ಲಿ ತುಂಬಿಟ್ಟದ್ದು ಏನಾದರೂ ಉಂಟೋ? ಇದ್ದರೆ ಅದನ್ನು ಯಾವ ಸ್ಥಳಕ್ಕೆ ಸೇರಿಸುವಿರಿ?